ಕೂಗದ ಹುಂಜ

ಗೌರಿ ಹಬ್ಬ ಬಂದು ಹೋಯಿತು. ನಂಜಣ್ಣನ ಮನೆಯ ಹುಂಜಗಳು ಮಾತ್ರ ಕೂಗಲಿಲ್ಲ.

ಯುಗಾದಿಗೆ ಮುಂಚೆ ಮೊಟ್ಟೆಯೊಡೆದು ಬಂದ ಅಣ್ಣತಮ್ಮಂದಿರು, ಒಂದು ಕೆಂದ, ಒಂದು ಕರಿಯ. ಅವುಗಳ ವಾರಿಗೆಯ ಹುಂಜಗಳೆಲ್ಲ ಆಗಲೇ ತಿಪ್ಪೆ ಹತ್ತಿ, ಕತ್ತು ಚಾಚಿ, ತಾವು ಗಂಡೆಂದು ಊರಿಗೆಲ್ಲ ಸಾರಿಯಾಗಿತ್ತು. ಇವೆರಡಕ್ಕೆ ಮೈ ಬಂದಿತ್ತು, ಹಿಡಿದೆತ್ತಿದರೆ ತೂಕವೂ ಇತ್ತು. ತಲೆಯ ಮೇಲಿನ ಜುಟ್ಟು ಮಾತ್ರ ಬೆಳೆಯದೆ, ಕೆಂಪೇರದೆ, ಹೇಂಟೆಯ ಜುಟ್ಟಿನಂತೆ ಪೇಲವವಾಗಿತ್ತು. ಹೇಂಟೆಗಳ ಬೆನ್ನು ಹತ್ತುವುದಿರಲಿ, ಹೇಂಟೆಗಳೇ ಕುಕ್ಕಲು ಬಂದರೆ ಒರಳಿನ ಹಿಂದೆ ಓಡಿ ಬಚ್ಚಿಟ್ಟುಕೊಳ್ಳುತ್ತಿದ್ದವು.

ಬೇರೆ ಕೋಳಿಯಾಗಿದ್ದರೆ ಯಜಮಾನಿ ದೊಡ್ಡತಾಯಮ್ಮ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕೆಂದ ಹರಕೆಯ ಹುಂಜ. ಸೊಸೆ ಸುಂದ್ರಮ್ಮನ ಮಡಿಲು ತುಂಬಲೆಂದು ಊರಾಚೆಯ ಮಾಸ್ತಮ್ಮನಿಗೆ ಬಿಟ್ಟದ್ದು.

"ಕೂಗ್ದೆ ಇರೋ ಉಂಜ್ವ ಅಮ್ಮಂಗೆ ಎಂಗಮ್ಮಿ ಒಪ್ಪುಸಾದು?" ಎಂದು ಅವಳು ಸೊಸೆಯನ್ನೇ ಕೇಳಿದಳು, ಹುಂಜದ ಬಾಯಿಗೆ ಸೊಸೆಯೇ ಬೀಗ ಹಾಕಿದವಳಂತೆ.

"ನಾನೇನ್ ಮಾಡ್ಲಿ ಅತ್ತೆ? ಎಲ್ಲಾ ಕೋಳ್ಗೂ ಆಕೋದ್ನೇ ಅದ್ಕೂ ಆಕ್ತೀನಿ."

"ನಿನ್ ಕೈಗುಣವೇ ಅಂಗೆ ಬುಡು."

ಸುಂದ್ರಮ್ಮ ಮೊರ ಎತ್ತಿಕೊಂಡು ಹಿತ್ತಿಲಿಗೆ ನಡೆದಳು. ಭೇರ್ಯದ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದು ಮೂರು ವರ್ಷ. ಮೊದಲ ವರ್ಷವೇ ಬಸಿರು ನಿಂತಿತ್ತು, ಮೂರು ತಿಂಗಳಿಗೆ ಹೋಯಿತು. ಆಮೇಲೆ ಎರಡು ವರ್ಷ ಏನೂ ಇಲ್ಲ. 'ಬಂಜೆ' ಎಂಬ ಮಾತು ಬಾವಿಕಟ್ಟೆಯಲ್ಲಿ ಅವಳ ಹಿಂದೆ ಹುಟ್ಟಿ, ಈಗೀಗ ಅವಳ ಎದುರಿಗೇ ಬಂದು ನಿಲ್ಲುತ್ತಿತ್ತು.

ಆ ಮಾತಿಗೆ ಉತ್ತರ ಅವಳ ಬಳಿ ಇತ್ತು. ಬಿಸಿತುಪ್ಪ ಅದು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಅವಳ ಗಂಡ ಬೆಟ್ಟಸ್ವಾಮಿ ಎರಡು ವರ್ಷದ ಹಿಂದೆ ಹುಣಸೂರಿನ ಕಡೆ ಹೊಗೆಸೊಪ್ಪಿನ ಹೊಲಗಳಲ್ಲಿ ಒಂದು ಸುಗ್ಗಿ ದುಡಿದು ಬಂದಿದ್ದ. ಬರುವಾಗ ತಂದದ್ದು ಹುಳು ಕೊಲ್ಲುವ ಎರಡು ಮೂಟೆ ಬಿಳಿ ಪುಡಿ ಮತ್ತು ಅದನ್ನು ಹೊಡೆಯುವ ವಿದ್ಯೆ. ವಿದ್ಯೆಯೆಂದರೆ ದೊಡ್ಡದೇನಲ್ಲ. ಹಳೆಯ ಪಂಚೆಯ ತುಂಡಿನಲ್ಲಿ ಪುಡಿಯನ್ನು ಗಂಟು ಕಟ್ಟಿ, ಎಡಗೈಯಲ್ಲಿ ಹಿಡಿದು, ಬಲಗೈಯ ಕೋಲಿನಿಂದ ಬಡಿಯುತ್ತ ಸಾಲಿನುದ್ದಕ್ಕೂ ನಡೆಯುವುದು. ಅವರೆ ಹೂವಿಗೆ ಬೀಳುತ್ತಿದ್ದ ಹುಳು ಮಧ್ಯಾಹ್ನದೊಳಗೆ ಸತ್ತು ಉದುರಿದ್ದನ್ನು ಊರೇ ನಿಂತು ನೋಡಿತು. ಅಂದಿನಿಂದ ಅವನು ಪುಡಿ ಬೆಟ್ಟಸ್ವಾಮಿ. ಒಬ್ಬರ ಹೊಲ ಮುಗಿದರೆ ಇನ್ನೊಬ್ಬರದು. ಸಂಜೆ ಮನೆಗೆ ಬಂದರೆ ರೆಪ್ಪೆಯ ಕೂದಲವರೆಗೆ ಬೆಳ್ಳಗೆ, ಹಿಟ್ಟಿನ ಗಿರಣಿಯಿಂದ ಎದ್ದು ಬಂದವನ ಹಾಗೆ. ಕಾಲು ತೊಳೆಯುವ ಮುಂಚೆ ಉಣ್ಣಲು ಕೂರುವ ಚಾಳಿ ಬೇರೆ.

ಮಗನ ಹೆಸರು ಊರಲ್ಲಿ ಎದ್ದಮೇಲೆ ತಾಯಿ ಸುಮ್ಮನಿರುವಳೆ? ವರ್ಷದ ಖರ್ಚಿಗೆ ಅವರೆಕಾಳನ್ನು ಮಣ್ಣಿನ ವಾಡೆಗೆ ತುಂಬುವಾಗ ಒಲೆಯ ಬೂದಿ ಬೆರೆಸುವುದು ಅತ್ತೆಯ ಅತ್ತೆಯ ಕಾಲದಿಂದ ಬಂದ ಪದ್ಧತಿ. ಬೂದಿ ಎಷ್ಟು ಹಾಕಿದರೂ ಶ್ರಾವಣದ ಹೊತ್ತಿಗೆ ಕಾಳು ತೂತು ಬೀಳುತ್ತಿತ್ತು. ದೊಡ್ಡತಾಯಮ್ಮ ಬೂದಿ ಬಿಟ್ಟು ಪುಡಿ ಹಿಡಿದಳು. ಕೊಳಗಕ್ಕೆ ಎರಡು ಹಿಡಿ, ಮೊಣಕೈವರೆಗೆ ಕೈ ಇಳಿಸಿ ಕಲೆಸಿದಳು. ಹುಳು ಸುಳಿಯಲಿಲ್ಲ. "ನಮ್ಮನೆ ಅವರೇಲಿ ಒಂದ್ ತೂತ್ ತೋರ್ಸಿ ನೋಡವಾ" ಎಂದು ಕೇರಿಗೆಲ್ಲ ಪಂದ್ಯ ಕಟ್ಟಿದಳು. ಒಂದೇ ವರ್ಷದಲ್ಲಿ ಕೇರಿಯ ವಾಡೆಗಳಿಗೆಲ್ಲ ಪುಡಿ ಹೋಯಿತು. ವಾಡೆಯ ತಳದ ಕಾಳು, ಮೊರದಲ್ಲಿ ಕೇರಿದ ನುಚ್ಚು, ಮೂಟೆ ಕೊಡವಿದ ಜಾಗ ಇವೆಲ್ಲ ಕೋಳಿಗಳ ಪಾಲು.

ಸುಂದ್ರಮ್ಮ ನುಂಗಿಕೊಂಡಿದ್ದ ಸಂಗತಿ ಇದು: ಗಂಡ ಅವಳ ಹತ್ತಿರ ಬಂದು ಎಂಟು ತಿಂಗಳಾಗಿತ್ತು. ಮೊದಮೊದಲು ದಣಿವು ಅಂದ. ಆಮೇಲೆ ಅನ್ನುವುದನ್ನೂ ಬಿಟ್ಟು ಜಗಲಿಯಲ್ಲಿ ಚಾಪೆ ಹಾಸಿದ. ಎಣ್ಣೆನೀರಿನ ದಿನ ಬೆನ್ನು ತಿಕ್ಕಲು ಹೋದರೆ, "ಓಗು ಓಗು, ನಾನೇ ಉಯ್ಕತೀನಿ" ಎಂದು ಗದರುತ್ತಿದ್ದ. ಬರಿಮೈಯಲ್ಲೇ ಉಳುತ್ತಿದ್ದವನು ಉರಿಬಿಸಿಲಲ್ಲೂ ಅಂಗಿ ಬಿಚ್ಚಲೊಲ್ಲ. ಒಮ್ಮೆ ಬಚ್ಚಲ ತಟ್ಟಿಯ ಸಂದಿನಲ್ಲಿ ಅವಳಿಗೆ ಕಂಡಿತು: ಎದೆ ಎರಡೂ ಕಡೆ ಊದಿಕೊಂಡಿತ್ತು, ಹನ್ನೆರಡು ವರ್ಷದ ಹುಡುಗಿಯ ಎದೆಯಂತೆ. ಅವನು ಅಂಗೈಯಿಂದ ಒತ್ತಿಕೊಂಡು ಹಲ್ಲು ಕಚ್ಚುತ್ತಿದ್ದ. ಯಾರಿಗೆ ಹೇಳುವುದು? ಗಂಡನ ಮಾನ ಹರಾಜು ಹಾಕಿ ತನ್ನ ಮಾನ ಉಳಿಸಿಕೊಳ್ಳುವುದೆ?

ಹಬ್ಬ ಕಳೆದ ವಾರ ಮಾವ ನಂಜಣ್ಣ ಸೊಸೆಯನ್ನೂ ಹೆಂಡತಿಯನ್ನೂ ಮೈಸೂರಿಗೆ ರೈಲಿನಲ್ಲಿ ಕರೆದೊಯ್ದ. ಹೆಂಗಸರ ಆಸ್ಪತ್ರೆಯ ಡಾಕ್ಟರಮ್ಮ ಸುಂದ್ರಮ್ಮನನ್ನು ಪರೀಕ್ಷೆ ಮಾಡಿ ಕೈ ತೊಳೆದುಕೊಂಡರು.

"ಇವಳಿಗೆ ಏನೂ ತೊಂದರೆ ಇಲ್ಲ. ಗಂಡನನ್ನು ಕರೆದುಕೊಂಡು ಬನ್ನಿ, ಅವರನ್ನೂ ನೋಡಬೇಕು."

"ಅವ್ನ್ಯಾಕೆ?" ದೊಡ್ಡತಾಯಮ್ಮ ಸೆಟೆದು ನಿಂತಳು. "ಅವ್ನೇನ್ ಎರ್ಬೇಕಾ?"

"ತೊಂದರೆ ಗಂಡಸಿನಲ್ಲೂ ಇರುತ್ತೆ ತಾಯಿ."

"ನಮ್ ವಂಸ್ದಲ್ಲಿ ಇಲ್ಲ ಕಣವ್ವ. ಅವ್ರಪ್ಪನ್ಗೆ ಏಳ್ ಮಕ್ಳು."

ನಂಜಣ್ಣ ಕೆಮ್ಮಿ ಕಿಟಕಿಯಾಚೆ ನೋಡಿದ. ಏಳರಲ್ಲಿ ಉಳಿದವನು ಬೆಟ್ಟಸ್ವಾಮಿ ಒಬ್ಬನೇ ಎಂಬುದನ್ನು ಯಾರೂ ಅಲ್ಲಿ ಹೇಳಲಿಲ್ಲ. ವಾಪಸಾಗಿ ಎಡತೊರೆ ಸ್ಟೇಷನ್‌ನಲ್ಲಿ ಇಳಿಯುವ ಹೊತ್ತಿಗೆ ದೊಡ್ಡತಾಯಮ್ಮನ ಮನಸ್ಸು ಗಟ್ಟಿಯಾಗಿತ್ತು.

ಎರಡು ದಿನ ಬಿಟ್ಟು, ಮಾವ ಮತ್ತು ಗಂಡನ ತಣಿಗೆಗೆ ಸುಂದ್ರಮ್ಮ ಮುದ್ದೆ ಹಾಕುತ್ತಿದ್ದಾಗ ದೊಡ್ಡತಾಯಮ್ಮ ಬಾಯಿಬಿಟ್ಟಳು. "ಪಿರಿಯಾಪಟ್ಟಣದ ಕಡೆ ಒಂದ್ ಎಣ್ಣದಂತೆ. ಮಾದೇವಪ್ಪ ಅಂತ ಅವರಪ್ಪ. ಎರಡ್ನೇ ಸಂಬಂದಕ್ಕೆ ಕೊಡ್ತೀನಿ ಅಂದವ್ರಂತೆ."

ಸುಂದ್ರಮ್ಮನ ಕೈಯ ಮುದ್ದೆ ತಣಿಗೆಯ ಅಂಚಿಗೆ ಬಡಿಯಿತು.

"ಇವ್ಳೇನ್ ಕಮ್ಮಿ ಮಾಡವ್ಳೆ?" ಎಂದ ನಂಜಣ್ಣ.

"ಮೊಗ ಕಮ್ಮಿ ಮಾಡವ್ಳೆ. ಇವ್ಳ್ನೇನ್ ಓಡುಸ್ತೀನಾ ನಾನು? ಇಬ್ರೂ ಇರ್ಲಿ. ಏನ್ಲಾ ಬೆಟ್ಟಾ?"

ಬೆಟ್ಟಸ್ವಾಮಿ ತಲೆಯೆತ್ತಲಿಲ್ಲ. ಅವರೆಕಾಳಿನ ಸಾರಿನಲ್ಲಿ ಮುದ್ದೆ ಅದ್ದಿ ನುಂಗಿದ.

"ನಿಮ್ಮಿಷ್ಟ" ಎಂದ.

ಆ ಒಂದು ಮಾತು ಸುಂದ್ರಮ್ಮನಿಗೆ ಬಿದ್ದ ಏಟು. ಹಿತ್ತಿಲಲ್ಲಿ ಅವನನ್ನು ಅಡ್ಡಗಟ್ಟಿದಳು.

"ಇನ್ನೊಬ್ಳು ಬಂದ್ರೆ ಏನ್ ಮಾಡೀಯೆ? ಅವ್ಳ್ಗೂ ಜಗಲಿ ತೋರ್ಸೀಯಾ?"

"ಬಾಯ್ ಮುಚ್ಚು."

"ಮುಚ್ಕಂಡೇ ಇವ್ನಿ ಎಂಟ್ ತಿಂಗ್ಳಿಂದ. ಡಾಕ್ಟ್ರಮ್ಮ ಕರ್ದವ್ರೆ, ನಡಿ ಓಗವಾ."

"ಗಂಡ್ಸು ಅಂಗಿ ಬಿಚ್ಚಿ ಎಂಗ್ಸು ಡಾಕ್ಟ್ರ ಮುಂದೆ ನಿಂತ್ಕಬೇಕಾ? ಕೆರೆ ಬಾವಿ ನೋಡ್ಕತೀನಿ, ತಿಳ್ಕೊ."

ಸುಂದ್ರಮ್ಮ ದಾರಿ ಬಿಟ್ಟಳು. ಇವನು ಹೇಳಿದ್ದನ್ನು ಮಾಡುವ ಜಾತಿಯವನು. ಅಂದಿನಿಂದ ಅವನು ಬಾವಿಯ ಕಡೆ ಹೆಜ್ಜೆ ಇಟ್ಟರೆ ಸಾಕು, ಅವಳು ನೀರು ಬೇಡದಿದ್ದರೂ ಕೊಡ ಎತ್ತಿಕೊಂಡು ಹಿಂದೆಯೇ ಹೋಗುತ್ತಿದ್ದಳು.

ಮಾರ್ನವಮಿ ಮುಗಿಯುತ್ತಲೇ ಹರಕೆ ತೀರಿಸಿಬಿಡೋಣವೆಂದು ದೊಡ್ಡತಾಯಮ್ಮ ಕೆಂದನನ್ನು ಸೊಸೆಯ ಕಂಕುಳಿಗೆ ಕೊಟ್ಟು ಮಾಸ್ತಮ್ಮನ ಗುಡಿಗೆ ಹೊರಟಳು. ಪೂಜಾರಿ ಚಿಕ್ಕಬೀರಯ್ಯ ಹುಂಜವನ್ನು ತಿರುಗಿಸಿ ನೋಡಿದ, ಜುಟ್ಟು ಮುಟ್ಟಿದ, ಕಾಲಿನ ಮುಳ್ಳಿರಬೇಕಾದ ಜಾಗ ಸವರಿದ.

"ಏನ್ ತಾಯವ್ವ, ಅಮ್ಮನ್ ಜೊತೆ ಉಡುಗಾಟ್ವಾ? ಇದು ಉಂಜ್ವೋ ಏಂಟೇನೋ?"

"ಉಂಜವೇ ಕಣ್ ಬೀರಯ್ಯ. ವಸಿ ತಡ ಅಷ್ಟೆ."

"ಏಳ್ ತಿಂಗ್ಳಾಯ್ತಲ್ಲ! ನಮ್ಮನೇದು ಇದ್ರ ವಾರ್ಗೇದು, ಆಗ್ಲೇ ಕೇರಿ ಎಬ್ರುಸ್ತದೆ. ಏನ್ ತಿನ್ನುಸ್ತೀರಿ ಇದ್ಕೆ?"

"ನೀವೇನ್ ತಿನ್ನುಸ್ತೀರೋ ಅದೇಯ. ಅವರೆ ನುಚ್ಚು, ರಾಗಿ."

"ನಮ್ದು ಬೂದಿ ಅವರೆ ಕಣವ್ವ. ನಿಮ್ ಬೆಟ್ಟನ ಪುಡಿ ನಮ್ಮನೇಗ್ ಇನ್ನೂ ಬಂದಿಲ್ಲ" ಎಂದು ನಕ್ಕು ಅವನು ಹುಂಜ ಹಿಂದಕ್ಕೆ ಕೊಟ್ಟ. "ಕೂಗಿದ್ ದಿನ ತಕ್ಕಂಡ್ ಬಾ. ಕೂಗ್ದೆ ಇರೋದು ಅಮ್ಮಂಗೆ ಸಲ್ಲಾಕಿಲ್ಲ."

ನಗುತ್ತ ಆಡಿದ ಮಾತು ಸುಂದ್ರಮ್ಮನೊಳಗೆ ಮುಳ್ಳಾಗಿ ಕೂತಿತು. ಮನೆಗೆ ಬಂದವಳೇ ವಾಡೆಯ ಮುಚ್ಚಳ ತೆಗೆದು ಮೂಗಿಟ್ಟಳು. ಆ ವಾಸನೆ ಅವಳಿಗೆ ಹೊಸದಲ್ಲ, ಗಂಡನ ಅಂಗಿಯದು, ಅವನ ಕೂದಲಿನದು. ಸಾರಿಗೆ ಹಾಕುವ ಕಾಳನ್ನು ಅಂದಿನಿಂದ ಮೂರು ಸಲ ತೊಳೆದಳು. ಮೂರನೆಯ ನೀರೂ ಬೆಳ್ಳಗೇ ಇತ್ತು, ಅದರ ಮೇಲೆ ವಾಸನೆ ತೇಲುತ್ತಿತ್ತು.

"ಅತ್ತೆ, ಈ ಪುಡಿ ಕಾಳು ಬ್ಯಾಡ ಅನ್ಸುತ್ತೆ."

"ಯಾಕೆ? ಉಳ ತಿನ್ನೋ ಆಸೆಯಾ?"

"ಉಳ ಸಾಯ್ಸೋದು ನಮ್ಮನ್ ಬುಟ್ಟಾದಾ?"

"ನಾನ್ ಸತ್ತಿಲ್ವಲ್ಲ! ನಿಂಗೆ ಮೊಗ ಆಗ್ದೆ ಇರೋಕೆ ನನ್ ಅವರೆ ಕಾರ್ಣ ಅಂತೀಯಾ?" ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ದೊಡ್ಡತಾಯಮ್ಮ ಇಡೀ ದಿನ ಅದನ್ನೇ ಅಂದಳು. ಸುಂದ್ರಮ್ಮನಿಗೂ ಅದಕ್ಕಿಂತ ಹೆಚ್ಚು ತಿಳಿದಿರಲಿಲ್ಲ. ತಿಳಿದದ್ದು ಭಯವೊಂದೇ. ಆ ಸಾರನ್ನು ದಿನಾ ಎರಡು ಹೊತ್ತು ಗಂಡನಿಗೆ ಬಡಿಸುತ್ತಿದ್ದದ್ದು ಅವಳ ಕೈ. ಗಂಡಸಿಗೆ ಬಲ ಬರಲೆಂದು ಒಂದು ಸೌಟು ಹೆಚ್ಚೇ ಹಾಕುತ್ತಿದ್ದಳು.

ಹೆಣ್ಣಿನ ತಂದೆ ಮಹದೇವಪ್ಪ, ತಮ್ಮನ ಜೊತೆ, ಮನೆ ನೋಡಲು ಬಂದದ್ದು ಮುಂದಿನ ಮಂಗಳವಾರ. ನೆಂಟರಿಗೆ ಕೋಳಿಸಾರು ಆಗಬೇಕು. ಅಮ್ಮನಿಗೆ ಸಲ್ಲದ ಕೆಂದನೇ ಆಗಲಿ ಎಂದಳು ದೊಡ್ಡತಾಯಮ್ಮ. ನಂಜಣ್ಣ ಕುತ್ತಿಗೆ ಕೊಯ್ದು ಕೊಟ್ಟು ಜಗಲಿಗೆ ಹೋದ. ಸುಂದ್ರಮ್ಮ ಪುಕ್ಕ ಕಿತ್ತು, ಉರಿಯಲ್ಲಿ ಸುಟ್ಟು, ಅರಿಶಿನ ಸವರಿ ತೊಳೆದಳು. ಸವತಿಯ ತಂದೆಗೆ ತಾನೇ ಮಸಾಲೆ ಅರೆಯುವ ಹಣೆಬರಹ ಯಾರಿಗೂ ಬೇಡ. ಕಣ್ಣೀರಿಗೆ ಈರುಳ್ಳಿಯ ನೆಪವಿತ್ತು.

ಕೋಳಿ ಸೀಳುವುದು ದೊಡ್ಡತಾಯಮ್ಮನ ಕೆಲಸ. ನಲವತ್ತು ವರ್ಷದಲ್ಲಿ ಬೇರೆಯವರಿಗೆ ಬಿಟ್ಟಿದ್ದಿಲ್ಲ. ಹುಂಜವಾದರೆ ಬೆನ್ನೆಲುಬಿಗೆ ಅಂಟಿಕೊಂಡಿರುವ ಎರಡು ಬೀಜವನ್ನು ಮೊದಲು ಬಿಡಿಸಿ, ಉಪ್ಪು ಹಚ್ಚಿ, ಕೆಂಡದ ಮೇಲೆ ಸುಟ್ಟು ಮನೆಯ ಮಗನ ತಣಿಗೆಗೆ ಹಾಕುವುದು ಆ ಮನೆಯ ಪದ್ಧತಿ. ಗಂಡಸುತನಕ್ಕೆ ಅದು ಮದ್ದೆಂದು ನಂಬಿಕೆ. ನೆಂಟರ ಎದುರಿಗೆ ಇವತ್ತು ಅದು ಬೀಳಲೇಬೇಕಿತ್ತು.

"ಕೆಂಡ ವಸಿ ಮುಂದಕ್ ಎಳಿ" ಎಂದು ಅವಳು ಹುಂಜದೊಳಗೆ ಕೈ ಹಾಕಿದಳು.

ಬೆರಳು ಬೆನ್ನೆಲುಬಿನ ಉದ್ದಕ್ಕೂ ಹೋಯಿತು. ಹಿಂದಕ್ಕೆ ಬಂತು. ಇನ್ನೊಮ್ಮೆ ಹೋಯಿತು.

"ಬುಡ್ಡಿ ತಾ ಅಮ್ಮಿ." ಹಟ್ಟಿಯ ಅಡುಗೆಮನೆ ಹಗಲಲ್ಲೂ ಕತ್ತಲು. ಸುಂದ್ರಮ್ಮ ಸೀಮೆಎಣ್ಣೆ ಬುಡ್ಡಿ ಹಚ್ಚಿ ಹಿಡಿದಳು. ದೊಡ್ಡತಾಯಮ್ಮ ಪಕ್ಕೆಲುಬು ಅಗಲಿಸಿ ಬಗ್ಗಿದಳು. ಅವರೆಕಾಯಿಯ ಗಾತ್ರದಲ್ಲಿ ತುಂಬಿಕೊಂಡಿರಬೇಕಾದ ಜಾಗದಲ್ಲಿ ಎರಡು ಅಕ್ಕಿ ನುಚ್ಚು ಅಂಟಿದ್ದವು. ಅಷ್ಟೇ.

ಅತ್ತೆ ಉಗುರಿನಿಂದ ಒಂದನ್ನು ಎಬ್ಬಿಸಿ ಅಂಗೈ ಮೇಲಿಟ್ಟುಕೊಂಡಳು. ಬುಡ್ಡಿಯ ಬೆಳಕಿಗೆ ಹಿಡಿದು ನೋಡಿದಳು.

"ಉಟ್ಟಾ ಇಂಗೆ ಇರಾಕಿಲ್ಲ ಕಣೆ" ಎಂದಳು ಕೊನೆಗೆ. ದನಿ ಇಳಿದಿತ್ತು. "ಬೆಳೀದಂಗೆ ಏನೋ ತಡ್ದದೆ. ಕರಿಯಂಗೂ ಇಂಗೇಯಾ?"

"ಅದೂ ಕೂಗಿಲ್ವಲ್ಲ ಅತ್ತೆ."

"ಎರಡ್ಕೂ ವಾಡೆ ತಳದ ಕಾಳೇ ಆಕಿದ್ದು."

"ಊಂ."

ಜಗಲಿಯಿಂದ ಬೆಟ್ಟಸ್ವಾಮಿಯ ದನಿ ಕೇಳಿಸುತ್ತಿತ್ತು. ನೆಂಟರಿಗೆ ಪುಡಿ ಹೊಡೆಯುವ ಬಗೆ ವಿವರಿಸುತ್ತಿದ್ದ. ದೊಡ್ಡತಾಯಮ್ಮ ಆ ಕಡೆ ತಿರುಗಿದಳು, ಮತ್ತೆ ಅಂಗೈ ನೋಡಿದಳು. ಗಡ್ಡ ಬೆಳೆಯದೆ ಮಗ ಮೂರು ವಾರಕ್ಕೊಮ್ಮೆ ಕ್ಷೌರ ಮಾಡಿಸುವುದು, ಬಿಸಿಲಲ್ಲಿ ಅಂಗಿ ತೆಗೆಯದ್ದು, ಜಗಲಿಯ ಚಾಪೆ, ಇವೆಲ್ಲ ತಾಯಿಯ ಕಣ್ಣಿಗೆ ಬೀಳದೆ ಇರುತ್ತವೆಯೆ? ಬಿದ್ದಿದ್ದವು. ನೋಡದಂತೆ ಇದ್ದಳು, ಅಷ್ಟೆ.

"ಸುಂದ್ರಿ," ಎಂದಳು. ಮೂರು ವರ್ಷದಲ್ಲಿ ಮೊದಲ ಸಲ ಹೆಸರು ಹಿಡಿದು ಕರೆದಳು. "ದಿಟ ಯೋಳು. ಅವನು... ನಿನ್ ತಾವ..."

ಸುಂದ್ರಮ್ಮ ತಲೆ ತಗ್ಗಿಸಿದಳು. ಅದೇ ಉತ್ತರವಾಯಿತು. ದೊಡ್ಡತಾಯಮ್ಮನ ಕೈಯಲ್ಲಿದ್ದ ಕೋಳಿ ಜಾರಿ ಬೂದಿಯಲ್ಲಿ ಬಿತ್ತು.

ಊಟಕ್ಕೆ ಎಲೆ ಬಿದ್ದಾಗ ಮಹದೇವಪ್ಪನ ಪಕ್ಕ ಬೆಟ್ಟಸ್ವಾಮಿ ಕೂತಿದ್ದ. ದೊಡ್ಡತಾಯಮ್ಮ ಅವನಿಗೆ ಈಲಿಯ ತುಂಡು ಬಡಿಸಿದಳು, ಕಾಲಿನ ತುಂಡು ಬಡಿಸಿದಳು. ಸುಟ್ಟ ಬೀಜ ಬೀಳಲಿಲ್ಲ. ಅವನು ಕಾದ. ನೆಂಟರೂ ಕಾದರು, ಅವರ ಮನೆಯಲ್ಲೂ ಅದೇ ಪದ್ಧತಿ.

"ಅವ್ವಾ, ಬೀಜ ಎಲ್ಲಿ?"

"ಬೆಕ್ಕು ಕಚ್ಕಂಡ್ ಓಯ್ತು ಕಣ್ ಮಗ."

"ಒಳ್ಳೆ ಬೆಕ್ಕು!" ಎಂದು ಮಹದೇವಪ್ಪ ನಕ್ಕ. ಆ ಮನೆಯಲ್ಲಿ ಬೆಕ್ಕಿಲ್ಲವೆಂದು ಬೆಟ್ಟಸ್ವಾಮಿಗೆ ಗೊತ್ತಿತ್ತು. ಅವನು ತಾಯಿಯ ಮುಖ ನೋಡಿದ. ಆಮೇಲೆ ಬಾಗಿಲ ಹಿಂದೆ ನಿಂತಿದ್ದ ಹೆಂಡತಿಯ ಮುಖ ನೋಡಿದ. ತುತ್ತು ಕೈಯಲ್ಲೇ ಉಳಿಯಿತು.

ಎಲೆಯಡಿಕೆ ಹಾಕಿಕೊಂಡು ಮಹದೇವಪ್ಪ ಮಾತು ತೆಗೆಯುವ ಮುಂಚೆ ದೊಡ್ಡತಾಯಮ್ಮನೇ ಶುರುಮಾಡಿದಳು. "ಅಣ್ಣಾ, ತಪ್ಪು ತಿಳ್ಕಬ್ಯಾಡಿ. ನಿಮ್ ಮಗೀನ ನಮ್ಮನೆಗೆ ಕೊಡ್ಬ್ಯಾಡಿ. ಮನೇಲಿ ದೋಸ ಅದೆ. ಸೊಸೇದಲ್ಲ, ನಂದು."

ನಂಜಣ್ಣನ ಬಾಯಿಂದ ಎಲೆಯಡಿಕೆ ಉದುರಿತು. ನೆಂಟರು ಮುಖ ಗಂಟಿಕ್ಕಿ ಎದ್ದರು. ಗಾಡಿ ಕಣ್ಮರೆಯಾಗುವ ಮುಂಚೆಯೇ ಅತ್ತೆ ಸೊಸೆ ಸೇರಿ ವಾಡೆಯನ್ನು ಉರುಳಿಸುತ್ತ ಹಿತ್ತಿಲಿಗೆ ತಂದಿದ್ದರು. ಬೆಟ್ಟಸ್ವಾಮಿ ಓಡಿ ಬಂದು ಅಡ್ಡ ನಿಂತ.

"ಮಳೆಗಾಲ ಕಳ್ದು ಉಳ್ದಿರೋ ಕಾಳು ಕಣವ್ವ ಇದು! ಅನ್ನ ಚೆಲ್ತೀಯಾ?"

"ಅನ್ನ ಅಲ್ಲ ಕಣ್ ಮಗ. ಅಂಗಿ ಬಿಚ್ಚು."

ಅವನು ಸುಂದ್ರಮ್ಮನ ಮೇಲೆ ಕೈಯೆತ್ತಿದ. "ಯೋಳ್ಬುಟ್ಟಾ ನೀನು?"

"ಅವ್ಳು ಯೋಳ್ಲಿಲ್ಲ, ಉಂಜ ಯೋಳ್ತು!" ದೊಡ್ಡತಾಯಮ್ಮ ಆ ಕೈ ಹಿಡಿದುಕೊಂಡಳು. "ಬಂಜೆ ಬಂಜೆ ಅಂತ ನಾನು ನಾಲ್ಗೆ ಸವುಸ್ದೆ. ಒಂದ್ ದಿನ ನಿನ್ನೆಸ್ರು ಎತ್ತಿಲ್ಲ ಅವ್ಳು. ಕಲ್ಸಿದ್ದು ಈ ಕೈ ಕಣಪ್ಪ. ಈ ಕೈ ಕಡ್ದಾಕು."

ಎತ್ತಿದ ಕೈ ಕೆಳಗಿಳಿಯಿತು. ಬೆಟ್ಟಸ್ವಾಮಿ ವಾಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಎರಡೂ ಅಂಗೈಯಿಂದ ಎದೆ ಮುಚ್ಚಿಕೊಂಡು, ಅತ್ತ. ಗಂಡನ ಅಳು ಕೇಳಿದ್ದು ಸುಂದ್ರಮ್ಮನಿಗೆ ಅದೇ ಮೊದಲು. ಹೆದರಿಕೆಯಿಂದ ಅವನ ಭುಜ ಹಿಡಿದವಳು ಬಿಡಲಿಲ್ಲ.

ಕಾಳನ್ನು ಆಳುದ್ದದ ಗುಂಡಿಗೆ ಹಾಕಿ ಮುಚ್ಚಿದರು. ಅಂದಿನಿಂದ ಮನೆಯಲ್ಲಿ ಬರಿಯ ಸೊಪ್ಪಿನ ಸಾರು. ಬೆಟ್ಟಸ್ವಾಮಿ ಮೈಸೂರಿನ ದೊಡ್ಡಾಸ್ಪತ್ರೆಗೆ ಅಪ್ಪನ ಜೊತೆ ಹೋಗಿಬಂದ. ಅಲ್ಲಿನ ಡಾಕ್ಟರು ಪುಡಿಯ ವಿಚಾರ ಕೇಳಿ ಕೇಳಿ ಬರೆದುಕೊಂಡರಂತೆ. ಇದರಿಂದಲೇ ಎಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಪುಡಿ ಮುಟ್ಟಬೇಡ, ಕಾದು ನೋಡು ಎಂದರು. ಎಷ್ಟು ದಿನ ಎಂದರೆ ಅದೂ ಗೊತ್ತಿಲ್ಲವಂತೆ.

ಕಾಯುವುದಕ್ಕೆ ಮನೆಯಲ್ಲಿ ಒಂದು ಗುರುತು ಉಳಿದಿತ್ತು: ಕರಿಯ. ಅದಕ್ಕೆ ಈಗ ತೊಳೆದ ರಾಗಿ, ಪೂಜಾರಿಯ ಮನೆಯಿಂದ ಕೇಳಿ ತಂದ ಬೂದಿಯ ಅವರೆ. ಯಾರೂ ಬಾಯಿಬಿಟ್ಟು ಆಡಲಿಲ್ಲವಾದರೂ ನಾಲ್ವರಿಗೂ ಅದೇ ಲೆಕ್ಕ. ಕರಿಯ ಕೂಗಿದರೆ ಬೆಟ್ಟಸ್ವಾಮಿಗೂ ವಾಸಿಯಾದೀತು. ಕೂಗದಿದ್ದರೆ? ಬೆಳಗಾದರೆ ಸುಂದ್ರಮ್ಮ ಪಂಜರ ಎತ್ತಿ ಜುಟ್ಟು ನೋಡುವಳು. ದೊಡ್ಡತಾಯಮ್ಮ ಸೊಸೆ ಇಲ್ಲದಾಗ ಬಂದು ನೋಡುವಳು. ಬೆಟ್ಟಸ್ವಾಮಿ ನೋಡದವನಂತೆ ನೋಡುವನು.

ಕಾರ್ತೀಕ ಬಂತು. ಹೊಲದಲ್ಲಿ ಅವರೆ ಹೂ ಕಟ್ಟಿತು, ಹುಳುವೂ ಬಿತ್ತು. "ಪುಡಿ ಬೆಟ್ಟಾ, ಬಾರ್ಲಾ" ಎಂದು ಕರೆದವರಿಗೆಲ್ಲ ಅವನು ಕೈನೋವು ಅನ್ನುತ್ತಿದ್ದ.

"ಊರೋರ್ ವಾಡೇಲೂ ನೀನ್ ಕೊಟ್ಟಿದ್ದೇ ಅದೆ" ಎಂದಳು ಒಂದು ದಿನ ಸುಂದ್ರಮ್ಮ. "ಅವ್ರ ಮನೇಲೂ ಗಂಡ್ಮಕ್ಳು ಉಣ್ತಾವ್ರೆ."

"ಏನಂತ ಯೋಳ್ಲಿ? ನಾನು ಗಂಡ್ಸಲ್ಲ ಅಂತ ಡಂಗುರ ಒಡುಸ್ಲಾ?"

ಅವಳು ಕರಿಯನ ಮುಂದೆ ಒಂದು ಹಿಡಿ ರಾಗಿ ಚೆಲ್ಲಿದಳು.

ಇದಾಗಿ ನಾಲ್ಕನೆಯ ಬೆಳಿಗ್ಗೆ ಪೂಜಾರಿ ಚಿಕ್ಕಬೀರಯ್ಯ ಖಾಲಿ ಚೀಲ ಹಿಡಿದು ಬಾಗಿಲಿಗೆ ಬಂದ. ಬೆಟ್ಟಸ್ವಾಮಿ ಅಂಗಳದಲ್ಲಿ ಬೇವಿನಕಡ್ಡಿ ಅಗಿಯುತ್ತಿದ್ದ.

"ಸೋತೆ ಕಣಪ್ಪ ಬೆಟ್ಟಾ. ಈ ಸಲ ಉಳ ಬುಟ್ಟಿಲ್ಲ. ಬೂದಿ ಸಾಕಾಯ್ತು. ನಂಗೂ ಒಂದೆರಡ್ ಸೇರ್ ಪುಡಿ ಕೊಡು. ಮೊಮ್ಮಕ್ಳು ತಿನ್ನೋ ಕಾಳು, ಉಳುಕು ಆಗ್ಬಾರ್ದು."

ಬೆಟ್ಟಸ್ವಾಮಿಯ ದವಡೆ ನಿಂತಿತು. ಬಾಗಿಲಲ್ಲಿ ಸುಂದ್ರಮ್ಮ ಕೊಡ ಇಳಿಸಿದಳು. ಒಳಗೆ ದೊಡ್ಡತಾಯಮ್ಮನ ಬೀಸುವ ಸದ್ದು ನಿಂತಿತು. ಅಷ್ಟರಲ್ಲಿ ತಿಪ್ಪೆಯ ಅಂಚಿನಲ್ಲಿದ್ದ ಕರಿಯ ಕತ್ತು ಚಾಚಿ, ರೆಕ್ಕೆ ಬಡಿದು, ಏನೋ ಒಂದು ಸದ್ದು ಮಾಡಿತು. ಕೂಗೆನ್ನಲಾಗದು. ಎಣ್ಣೆ ಕಾಣದ ಬಾಗಿಲು ಕಿರುಗುಟ್ಟಿದಂತೆ ಶುರುವಾಗಿ ನಡುವೆಯೇ ಒಡೆದುಹೋಯಿತು.

ಚಿಕ್ಕಬೀರಯ್ಯ ಹೊಟ್ಟೆ ಹಿಡಿದು ನಕ್ಕ. ಆ ಮನೆಯವರು ಯಾರೂ ನಗಲಿಲ್ಲ. ಇನ್ನೊಮ್ಮೆ ಕೂಗೀತೆಂದು ಮೂವರೂ ಕಿವಿಗೊಟ್ಟು ನಿಂತರು. ಕರಿಯ ತಲೆ ಬಗ್ಗಿಸಿ ತಿಪ್ಪೆ ಕೆದಕತೊಡಗಿತು.

"ಏನ್ಲಾ, ಎಲ್ರೂ ಇಂಗೆ ನಿಂತ್ರಿ? ಪುಡಿ ಕೊಡೀಯೋ ಇಲ್ವೋ?"

"ಕೊಡಾಕಿಲ್ಲ ಬೀರಣ್ಣ" ಎಂದ ಬೆಟ್ಟಸ್ವಾಮಿ. ಬೇವಿನಕಡ್ಡಿ ಬಿಸಾಕಿ, ಜಗಲಿ ತೋರಿಸಿದ. "ಕುಂತ್ಕೊ. ನಿಂಗೆ ಒಂದು ತೋರುಸ್ಬೇಕು. ನೋಡ್ಬುಟ್ಟು ಊರ್ಗೆಲ್ಲ ಯೋಳು."

ಅವನು ಎದೆಗೆ ಕೈ ಒಯ್ದ. ಅಂಗಿಯ ಮೊದಲ ಗುಂಡಿ ಬಿಚ್ಚಲು ಬರಲಿಲ್ಲ. ಸುಂದ್ರಮ್ಮ ಅಂಗಳಕ್ಕೆ ಇಳಿದು ಬಂದು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಅವನ ಗುಂಡಿ ಬಿಚ್ಚಿದಳು.